ಬಳ್ಳಿಯ ಬುಡದ ಮೆಣಸು

ಮಹಡಿಯ ಕೋಣೆಗೆ ಇಂಟರ್ನೆಟ್ ಬಂದದ್ದು ದೀಪಶ್ರೀಯ ಓದಿಗೆಂದಲ್ಲ, ಕ್ಯಾಮೆರಾಗಳಿಗೆಂದು. ಮೆಣಸಿನ ಕೊಯ್ಲು ಶುರುವಾಗುವ ಮುಂಚೆ ಆಲ್ದೂರಿನಿಂದ ಇಬ್ಬರು ಬಂದು ಗೇಟಿಗೊಂದು, ಗೋದಾಮಿಗೊಂದು, ಕಾಫಿ ಒಣಗಿಸುವ ಕಣದ ಕಂಬಕ್ಕೊಂದು, ಕೆರೆಬದಿಯ ಮೆಣಸಿನ ಬ್ಲಾಕಿಗೊಂದು ಕ್ಯಾಮೆರಾ ಕಟ್ಟಿ ಹೋದರು. ಆ ವರ್ಷ ಸುತ್ತಲಿನ ತೋಟಗಳಲ್ಲೆಲ್ಲ ಬಳ್ಳಿಯಿಂದಲೇ ಮೆಣಸು ಕದಿಯುವವರ ಕಾಟ. ಆದರೆ ಕ್ಯಾಮೆರಾ ನೋಡಬೇಕಾದ ಮಾವ ಮಂಜಯ್ಯನವರ ಕಣ್ಣಿಗೆ ಸಕ್ಕರೆ ಕಾಯಿಲೆ ಇಳಿದಿತ್ತು. ಫೋನಿನ ಪರದೆ ಅವರಿಗೆ ಮಂಜು ಕವಿದ ಗುಡ್ಡದ ಹಾಗೆ ಕಾಣುತ್ತಿತ್ತು.

"ಹೆಂಗೂ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀಯಲ್ಲ ಮಗಾ," ಎಂದಿದ್ದರು ಅವರು. "ಒಂದು ಕಡೆ ನಿನ್ನ ಸಿನಿಮಾ ಇರ್ಲಿ, ಇನ್ನೊಂದು ಕಡೆ ನಮ್ಮ ಸಿನಿಮಾ ಇರ್ಲಿ."

ಹಾಗಾಗಿ ಪರದೆಯ ಎಡ ಅರ್ಧದಲ್ಲಿ ಲಿಸ್ಬನ್ ಇರುತ್ತಿತ್ತು, ಬಲ ಅರ್ಧದಲ್ಲಿ ತೋಟ.

ದೀಪಶ್ರೀ ಪೋರ್ಚುಗಲ್ ದೇಶದ ಇತ್ತೀಚಿನ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಅರ್ಧ ಶತಮಾನದ ಹತ್ತಿರ ಆ ದೇಶವನ್ನು ಸರ್ವಾಧಿಕಾರ ಆಳಿತ್ತು. ಆ ಕಾಲದಲ್ಲಿ ಜನ ಹೇಗೆ ಬದುಕಿದರು, ಏನನ್ನು ಮಾತಾಡಿದರು, ಏನನ್ನು ನುಂಗಿಕೊಂಡರು ಎಂಬುದನ್ನು ಅಲ್ಲಿಯ ಕಾದಂಬರಿ, ಸಿನಿಮಾಗಳ ಮೂಲಕ ನೋಡುವುದು ಅವಳ ವಿಷಯ. ಅವಳು ವಸ್ತಾರೆಯ ಸಣ್ಣ ಹಿಡುವಳಿದಾರರ ಮಗಳು. ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಪೋರ್ಚುಗಲ್ಲಿನ ವಸಾಹತಾಗಿದ್ದ ಅಂಗೋಲಾದ ಕಾಫಿ ತೋಟದ ಕಥೆಯೊಂದು ಕೈಗೆ ಸಿಕ್ಕಿತ್ತು. ಪೋರ್ಚುಗೀಸರ ತೋಟ, ಕರಾರಿನ ಹೆಸರಿನಲ್ಲಿ ಎಳೆದು ತಂದ ಆಳುಗಳು, ಒಣಗುತ್ತಿರುವ ಕಾಫಿಯ ವಾಸನೆ. ಆ ವಾಸನೆ ಮಾತ್ರ ಅವಳಿಗೆ ಗೊತ್ತಿದ್ದುದು. ಉಳಿದದ್ದನ್ನು ತಿಳಿಯಲು ಹೊರಟವಳು ಭಾಷೆಯನ್ನೂ ಕಲಿತಳು.

"ಚಿಕ್ಕಮಗಳೂರಿನ ಚರಿತ್ರೆನೇ ನೆಟ್ಟಗೆ ಗೊತ್ತಿಲ್ಲ, ಪೋರ್ಚುಗಲ್ ಅಂತೆ ಮಾರಾಯ್ತಿ," ಎಂದು ಗಂಡ ರಾಜೀವ್ ನಗುತ್ತಿದ್ದ. ನಗುತ್ತಲೇ ಪುಸ್ತಕ ತರಿಸಿ ಕೊಡುತ್ತಿದ್ದ. ಹೋದ ಮಳೆಗಾಲದಲ್ಲಿ ಕಳಸದ ದಾರಿಯಲ್ಲಿ ಅವನ ಜೀಪು ತಿರುವಿನಿಂದ ಕೆಳಗೆ ಹೋಯಿತು.

ಅವಳು ಅಳಲಿಲ್ಲ. ನೋಡಲು ಬಂದವರು ಗಟ್ಟಿಗಿತ್ತಿ ಎಂದರು. ಗಟ್ಟಿತನ ಅಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಿಸಿ ಕಾಫಿ ನಾಲಿಗೆಗೆ ಬಿಸಿ ಅನ್ನಿಸುತ್ತಿರಲಿಲ್ಲ, ಅಷ್ಟೇ. ಆಗ ತಿಂಗಳಾನುಗಟ್ಟಲೆ ದಿನಾ ಬೆಳಿಗ್ಗೆ ಮಹಡಿ ಹತ್ತಿ ಅವಳಿಗೆ ಕಾಫಿ ತಂದುಕೊಟ್ಟವರು ಮಂಜಯ್ಯನವರೇ. ಒಂದೊಂದೇ ಮೆಟ್ಟಿಲು ತಡವಿಕೊಂಡು ಬರುತ್ತಿದ್ದರು. ಲೋಟ ಇಟ್ಟು ಇಳಿಯುತ್ತಿದ್ದರು. ಅಂಥವರಿಗೂ ಅವಳು ಹೆದರುತ್ತಿದ್ದಳು. ಆ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದರು. ಅವರ ಚಪ್ಪಲಿಯ ಸದ್ದು ಜಗಲಿಗೆ ಬಂದರೆ ಅಡುಗೆಮನೆಯ ಮಾತು ತಾನಾಗಿ ತಗ್ಗುತ್ತಿತ್ತು.

ಏಪ್ರಿಲ್‌ನಲ್ಲಿ ಅವಳು ಲಿಸ್ಬನ್ನಿಗೆ ಹೋಗಬೇಕಿತ್ತು. ಹಳೆಯ ಚಿತ್ರಗಳ ಸಂಗ್ರಹವೊಂದನ್ನು ನೋಡಲು ಎರಡು ತಿಂಗಳ ಫೆಲೋಶಿಪ್ ಸಿಕ್ಕಿತ್ತು. ಮಾವ ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಬಂದ ನೆಂಟರ ಮುಂದೆ ಮಾತ್ರ, "ನಮ್ಮ ಮೆಣಸು ಹೊತ್ಕೊಂಡು ಹೋಗೋಕೆ ಹಡಗು ಕಟ್ಕೊಂಡು ಬಂದೋರ ಕಥೆ ಓದ್ತಾಳಂತೆ ನಮ್ಮ ಸೊಸೆ. ಮೆಣಸು ಕಳ್ಳರನ್ನ ಹಿಡಿಯೋಕೆ ಇವಳಿಗಿಂತ ಬೇಕಾ?" ಎಂದು ನಗಿಸುತ್ತಿದ್ದರು. ಅವಳ ಪಾಸ್‌ಪೋರ್ಟ್ ಅವರ ಕೋಣೆಯ ಕಬ್ಬಿಣದ ಬೀರುವಿನಲ್ಲಿತ್ತು, ತೋಟದ ಪತ್ರಗಳ ಜೊತೆ, ರಾಜೀವನ ಗಡಿಯಾರದ ಜೊತೆ. ಭದ್ರವಾಗಿರಲಿ ಎಂದು ಅವರೇ ತೆಗೆದುಕೊಂಡು ಇಟ್ಟಿದ್ದರು. ಆ ಸರ್ವಾಧಿಕಾರದ ಕಾಲದಲ್ಲಿ ಮದುವೆಯಾದ ಹೆಂಗಸು ದೇಶ ಬಿಟ್ಟು ಹೋಗಲು ಗಂಡನ ಒಪ್ಪಿಗೆ ಬೇಕಿತ್ತು ಎಂದು ಅವಳು ತನ್ನ ಅಧ್ಯಾಯದಲ್ಲಿ ಒಂದು ಸಾಲು ಬರೆದಿದ್ದಳು. ಬರೆದು ಲ್ಯಾಪ್‌ಟಾಪ್ ಮುಚ್ಚಿದ್ದಳು.

ಮಾರ್ಚ್ ಮೊದಲ ವಾರ. ಮೆಣಸಿನ ಕೊಯ್ಲು ಮುಗಿದು ಏಣಿಗಳು ಗೋದಾಮಿನ ಗೋಡೆಗೆ ಒರಗಿದ್ದವು. ಅಂದು ಬೆಳಿಗ್ಗೆ ಅವಳು ಎಡಗಡೆ ಒಂದು ಚಿತ್ರ ನೋಡುತ್ತಿದ್ದಳು. ಲಿಸ್ಬನ್ನಿನ ಹಳೆಯ ಕಟ್ಟಡವೊಂದರ ಬಾಗಿಲು ಕಾಯುವ ಹೆಂಗಸಿನ ಕಥೆ. ಅವಳು ಮೆಟ್ಟಿಲು ಗುಡಿಸುತ್ತಾಳೆ, ಬಂದವರನ್ನೂ ಹೋದವರನ್ನೂ ನೋಡುತ್ತಾಳೆ. ವಾರಕ್ಕೊಮ್ಮೆ ಗುಪ್ತ ಪೊಲೀಸರ ಕಡೆಯ ಟೋಪಿಯ ಮನುಷ್ಯನೊಬ್ಬ ಬಂದು ತುಂಬಾ ವಿನಯದಿಂದ, ಮೂರನೇ ಮಹಡಿಗೆ ಯಾರು ಬಂದಿದ್ದರು ಎಂದು ಕೇಳುತ್ತಾನೆ.

ಬಲಗಡೆ, ಕೆರೆ ಬ್ಲಾಕಿನ ಚೌಕದಲ್ಲಿ ಏನೋ ಅಲ್ಲಾಡಿತು. ತೋಟದ ಆಳು ತಂಗಮ್ಮ. ಸಿಲ್ವರ್ ಓಕ್ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಒಣಗಿದ ಎಲೆ ಸರಿಸಿ, ಉದುರಿದ ಮೆಣಸನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಹಿಂದೆ ಇನ್ನೂ ಮೂವರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಅದು ಕಳವಲ್ಲ ಎಂದು ದೀಪಶ್ರೀಗೆ ಗೊತ್ತಿತ್ತು. ಹೋದ ವರ್ಷ ಇದೇ ಹೊತ್ತಿಗೆ ಮಾವ ಕಣ್ಣಿನ ಆಪರೇಷನ್ನಿಗೆಂದು ಮಂಗಳೂರಿನಲ್ಲಿದ್ದರು. ರಾಜೀವ್ ಕಣದ ಅಂಚಿನಲ್ಲಿ ಹೆಂಗಸರನ್ನು ಸೇರಿಸಿ, "ಕೊಯ್ಲು ಮುಗಿದ ಮೇಲೆ ಬಳ್ಳಿ ಬುಡದಲ್ಲಿ ಬಿದ್ದಿದ್ದು ನಿಮ್ದು. ಹಕ್ಕಲು ಆಯ್ಕೊಳ್ಳಿ. ಪ್ರತಿ ವರ್ಷವೂ ಅಷ್ಟೇ. ಅಪ್ಪನಿಗೆ ನಾನು ಹೇಳ್ತೀನಿ," ಎಂದಿದ್ದ. ದೀಪಶ್ರೀ ಅವನ ಪಕ್ಕದಲ್ಲೇ ನಿಂತಿದ್ದಳು. ಮೂರನೆಯ ದಿನ ತಂಗಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಬೊಗಸೆ ಮೆಣಸು ಅವಳ ಕೈಗೆ ಸುರಿದಿದ್ದಳು. "ಸಾರಿಗೆ ಹಾಕಿ ಸಣ್ಣಮ್ಮಾ. ನೆಲಕ್ಕೆ ಬಿದ್ದಿದ್ದಕ್ಕೇ ಖಾರ ಜಾಸ್ತಿ." ಆ ಸಾರನ್ನು ರಾಜೀವ್ ಎರಡು ಸಲ ಹಾಕಿಸಿಕೊಂಡಿದ್ದ. ಅಪ್ಪನಿಗೆ ಹೇಳುವುದನ್ನು ಮಾತ್ರ ನಾಳೆ ನಾಳೆ ಎನ್ನುತ್ತ ಮುಂದಕ್ಕೆ ಹಾಕಿದ. ಆಮೇಲೆ ಮಳೆಗಾಲ ಬಂತು.

ಅವಳು ಕಣ್ಣನ್ನು ಎಡಗಡೆಗೆ ತಿರುಗಿಸಿದಳು. ಬಾಗಿಲ ಹೆಂಗಸು ಮೆಟ್ಟಿಲು ಗುಡಿಸುತ್ತಿದ್ದಳು.

ಮರುದಿನ ಕಾಫಿ ಕುಡಿಯುವ ಹೊತ್ತಿಗೆ ಮಹಡಿ ಮೆಟ್ಟಿಲ ಮೇಲೆ ಹಾಲೇಶ್ ಬಂದ. ಹಾಲೇಶ್ ತೋಟದ ರೈಟರ್. ಆಳುಗಳ ಹಾಜರಿ ಹಾಕುವವನು, ಕೆಲಸ ಹಂಚುವವನು. ಕಣ್ಣು ಮಂಕಾದ ಮೇಲೆ ಮಂಜಯ್ಯನವರ ಕಣ್ಣೂ ಅವನೇ. ಹೊಸ್ತಿಲ ಹೊರಗೇ ನಿಂತ. ಒಳಗೆ ಕಾಲಿಡಲಿಲ್ಲ.

"ಸಣ್ಣಮ್ಮಾವ್ರೆ, ಓದ್ತಾ ಇದ್ರೇನೋ. ತೊಂದ್ರೆ ಕೊಟ್ಟೆ."

"ಇಲ್ಲ. ಹೇಳಿ."

"ನಿನ್ನೆ ಬೆಳಿಗ್ಗೆ ಕೆರೆ ಬ್ಲಾಕಿನ ಕ್ಯಾಮೆರಾ ನೋಡಿದ್ರಾ?"

"ನೋಡಿಲ್ಲ."

"ಹೌದಾ. ನೀವು ಇಲ್ಲೇ ಕೂತಿದ್ರಿ ಅಂತ ನಿಮ್ಮತ್ತೆ ಅಮ್ಮಾವ್ರು ಅಂದ್ರು, ಅದಕ್ಕೆ ಕೇಳಿದೆ." ಅವನು ಜೇಬಿನಿಂದ ಫೋನ್ ತೆಗೆದು ಬೆರಳಿನಿಂದ ಗಾಜು ಒರೆಸಿದ. "ರೆಕಾರ್ಡಿಂಗ್ ನನ್ನ ಫೋನಿಗೂ ಬರೋ ಹಂಗೆ ಮಾಡ್ಸಿದ್ದೀನಿ. ಸಾವ್ಕಾರ್ರೇ ಹೇಳಿದ್ದು. ಸಣ್ಣಮ್ಮಂಗೆ ಓದಿನ ಗಡಿಬಿಡಿ, ನೀನೂ ಒಂದು ಕಣ್ಣಿಡು ಅಂದ್ರು."

ಅವಳು ನೋಡುತ್ತಿದ್ದಾಳೋ ಇಲ್ಲವೋ ಎಂದು ನೋಡಲು ಇನ್ನೊಬ್ಬನಿದ್ದ.

ಹೋಗುತ್ತಿದ್ದವನು ಒಂದು ಮೆಟ್ಟಿಲಿಳಿದು ತಿರುಗಿದ. "ಇನ್ನೊಂದು ಮಾತು. ತಪ್ಪು ತಿಳ್ಕೋಬೇಡಿ. ಮೇಲಿನ ರೂಮಿಂದ ಗಂಡಸಿನ ದನಿ ಕೇಳ್ತದೆ ಅಂತ ಲೈನ್ ಮನೆ ಆಳುಗಳು ಮಾತಾಡ್ಕೊಳ್ತಾರೆ."

"ಅದು ಸಿನಿಮಾ ಹಾಲೇಶ್."

"ನಂಗೆ ಗೊತ್ತಿಲ್ವಾ? ಸಾವ್ಕಾರ್ರಿಗೆ ಪೋರ್ಚುಗೀಸ್ ಬರಲ್ಲ ನೋಡಿ, ಅದಕ್ಕೆ ಹೇಳಿದೆ." ಅವನು ನಕ್ಕ. ಒಳ್ಳೆಯ ನಗುವೇ. ಅದೇ ನಗುವಿನಲ್ಲಿ, "ಕೆಳಗೆ ಬರಬೇಕಂತೆ," ಎಂದ.

ಜಗಲಿಯಲ್ಲಿ ಮಂಜಯ್ಯನವರು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ಅಂಗಳದಾಚೆ ಸಿಮೆಂಟಿನ ಕಣದಲ್ಲಿ ರೊಬಸ್ಟಾ ಹಣ್ಣು ಕಪ್ಪಾಗಿ ಒಣಗುತ್ತಿತ್ತು. ತಂಗಮ್ಮ ಜಗಲಿಯ ಕೆಳಗೆ ಕೈಕಟ್ಟಿ ನಿಂತಿದ್ದಳು. ಐವತ್ತರ ಹೆಂಗಸು. ಮದುವೆಯಾಗಿ ಈ ತೋಟದ ಲೈನಿಗೆ ಬಂದವಳು, ಗಂಡ ಸತ್ತ ಮೇಲೂ ಇಲ್ಲೇ ಉಳಿದವಳು.

"ಹೇಳು, ಇನ್ನೊಂದ್ಸಲ ಹೇಳು," ಎಂದರು ಮಂಜಯ್ಯನವರು. ದನಿ ಏರಿಸಿರಲಿಲ್ಲ. "ನನ್ನ ಸೊಸೆ ಮುಂದೆ ಹೇಳು."

"ಸಣ್ಣ ಸಾವ್ಕಾರ್ರು ಹೇಳಿದ್ರು ಅಯ್ಯಾ. ಬಿದ್ದಿದ್ದು ನೀವು ಆಯ್ಕೊಳ್ಳಿ ಅಂತ. ಹೋದ ವರ್ಷ."

"ಕೇಳಿದೆಯಾ ಮಗಾ? ಸತ್ತವನ ಹೆಸರು. ಅವನು ಎದ್ದು ಬಂದು ಇಲ್ಲ ಅನ್ನಲ್ಲ, ನೋಡು. ನನಗೆ ಒಂದು ಮಾತು ಹೇಳದೆ ನನ್ನ ಮಗ ಒಂದು ಗಿಡ ಕಡಿಸಿದವನಲ್ಲ. ಅಂಥವನು ತೋಟದ ಮೆಣಸು ಹಂಚಿದ್ನಂತೆ!" ಅವರ ಮಂಕಾದ ಕಣ್ಣು ಅವಳ ಮುಖ ಇರಬೇಕಾದ ಕಡೆ ತಿರುಗಿತು. "ನಿನಗೆ ಗೊತ್ತಾ ಇದು? ನಿನ್ನ ಹತ್ರ ಹೇಳಿದ್ನಾ ಅವನು?"

ಗೋಡೆಯ ಮೇಲೆ ರಾಜೀವನ ಫೋಟೋ ಇತ್ತು. ಹಾಲೇಶ್ ಕಂಬಕ್ಕೆ ಒರಗಿ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಗೊತ್ತು ಎಂದರೆ ಮಗ ಅಪ್ಪನ ಬೆನ್ನ ಹಿಂದೆ ಮಾಡಿದ ಎಂದಾಗುತ್ತದೆ. ನಿನ್ನೆ ನೋಡಿಯೂ ಸುಮ್ಮನಿದ್ದಳು ಎಂದಾಗುತ್ತದೆ. ಆಮೇಲೆ ಗಂಡಸಿನ ದನಿಯ ಮಾತು ಬರುತ್ತದೆ. ಆಮೇಲೆ ಬೀರು, ಪಾಸ್‌ಪೋರ್ಟ್, ಏಪ್ರಿಲ್. ಇಷ್ಟೂ ಒಂದೇ ಉಸಿರಿನಲ್ಲಿ ಅವಳ ತಲೆಯಲ್ಲಿ ಓಡಿತು.

"ನಂಗೆ ಗೊತ್ತಿಲ್ಲ ಮಾವ," ಎಂದಳು.

ತಂಗಮ್ಮ ತಲೆ ಎತ್ತಿ ಅವಳನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ದಾರಿಯಲ್ಲಿ ಹೋಗುವಾಗ ಗುರುತಿನವರು ಅಂದುಕೊಂಡು ನೋಡಿ, ಅಲ್ಲ ಎಂದು ಗೊತ್ತಾದಾಗ ನೋಡುತ್ತಾರಲ್ಲ, ಹಾಗೆ.

"ಮುಗೀತಲ್ಲ," ಎಂದರು ಮಂಜಯ್ಯನವರು. "ನೋಡು ತಂಗಮ್ಮ, ನಾನು ಯಾರ ಮೇಲೂ ಕೈ ಮಾಡಿದವನಲ್ಲ. ಇವತ್ತೂ ಮಾಡಲ್ಲ. ನಿನ್ನ ಜೊತೆ ಇನ್ನೂ ಮೂರು ಜನ ಇದ್ರು. ಅವರ ಮುಖ ಕಾಣಲ್ಲ ಅಂತಾನೆ ಹಾಲೇಶ. ಹೆಸರು ಹೇಳು, ಮನೆಗೆ ಹೋಗು. ಹೇಳೋವರೆಗೂ ಆ ಕಣದಲ್ಲಿ ನಿಂತಿರು. ಸಂಜೆವರೆಗೂ ಬಾಯಿ ಬಿಡ್ಲಿಲ್ಲ ಅಂದ್ರೆ ಸ್ಟೇಷನ್ನಿಗೆ ಫೋನ್ ಮಾಡ್ತೀನಿ. ಲೈನ್ ಮನೆನೂ ಖಾಲಿ ಮಾಡ್ಬೇಕಾಗ್ತದೆ."

ತಂಗಮ್ಮ ಕಣದ ಅಂಚಿಗೆ ಹೋಗಿ ಚಪ್ಪಲಿ ಬಿಟ್ಟಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಬೆಳೆ ಹರವಿದ ಕಣಕ್ಕೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುವುದಿಲ್ಲ, ಸಾವ್ಕಾರ್ರೂ ಹೋಗುವುದಿಲ್ಲ. ಅಷ್ಟು ಹೊತ್ತಿಗಾಗಲೇ ಸಿಮೆಂಟು ಕಾಯತೊಡಗಿತ್ತು. ಅವಳು ಬರಿಗಾಲಲ್ಲಿ ಕಾಫಿಯ ಸಾಲುಗಳ ನಡುವೆ ಹೋಗಿ ನಿಂತಳು.

ದೀಪಶ್ರೀ ಮಹಡಿಗೆ ಬಂದು ಬಾಗಿಲು ಹಾಕಿಕೊಂಡಳು. ಪರದೆಯ ಬಲಭಾಗದಲ್ಲಿ ತಂಗಮ್ಮ ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ಆ ಚೌಕವನ್ನು ಮುಚ್ಚಲು ಹೋದ ಬೆರಳು ನಿಂತಿತು. ಮುಚ್ಚಿದ್ದು ಹಾಲೇಶನ ಫೋನಿನಲ್ಲಿ ಗೊತ್ತಾಗುತ್ತದೆಯೇ? ಗೊತ್ತಾಗಲಿಕ್ಕಿಲ್ಲ. ಆದರೂ ಮುಚ್ಚಲಿಲ್ಲ.

ಆ ದಿನ ಅವಳು ತಿದ್ದಬೇಕಾಗಿದ್ದ ಅಧ್ಯಾಯ ಲಿಸ್ಬನ್ನಿನ ಗುಪ್ತ ಪೊಲೀಸರ ಬಗ್ಗೆಯೇ ಇತ್ತು. ಅವರು ಕೈದಿಗಳನ್ನು ಯಾವಾಗಲೂ ಹೊಡೆಯುತ್ತಿರಲಿಲ್ಲ. ಬರೀ ನಿಲ್ಲಿಸುತ್ತಿದ್ದರು. ಕೂರುವಂತಿಲ್ಲ, ಒರಗುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಅದಕ್ಕೆ ಅವರಲ್ಲಿ ಒಂದು ಹೆಸರಿತ್ತು: ಪ್ರತಿಮೆ. ಕಾಲು ಬಾತು ಕಂಬವಾಗುತ್ತಿತ್ತು, ಗೋಡೆಯ ಮೇಲೆ ಇಲ್ಲದ್ದೆಲ್ಲ ಕಾಣತೊಡಗುತ್ತಿತ್ತು. ಹೊರಗೆ ಬಂದವರ ಮೈಮೇಲೆ ಒಂದು ಗೀರೂ ಇರುತ್ತಿರಲಿಲ್ಲ. ಯಾರೂ ಮುಟ್ಟಿಲ್ಲವಲ್ಲ. ಇದನ್ನು ಅವಳೇ ಆರು ತಿಂಗಳ ಹಿಂದೆ ಬರೆದಿದ್ದಳು. ವಾಕ್ಯಗಳು ಚೆನ್ನಾಗಿದ್ದವು. ಒಂದರಲ್ಲೂ ಬಿಸಿಲಿರಲಿಲ್ಲ.

ಫೋನ್ ಬಡಿದುಕೊಂಡಿತು. ಅವಳ ಮಾರ್ಗದರ್ಶಕಿ ಪ್ರೇಮಲತಾ ಮೇಡಂ.

"ದೀಪಶ್ರೀ, ಅಧ್ಯಾಯ ಓದಿದೆ ಕಣಮ್ಮ. ಒಂದೇ ಜಾಗ ನನಗೆ ಸಾಕಾಗಲಿಲ್ಲ. ಅಷ್ಟು ವರ್ಷ ಜನ ಯಾಕೆ ಸುಮ್ಮನಿದ್ದರು ಅನ್ನೋದಕ್ಕೆ ನೀನು ಭಯ ಅಂತ ಬರೆದು ಮುಂದೆ ಹೋಗಿದ್ದೀಯ. ಭಯ ಅಂದರೆ ಏನು? ಪೊಲೀಸರು ಎಷ್ಟು ಜನ ಇದ್ದರು ಮಹಾ! ಇಡೀ ದೇಶ ಕಾಯೋಕೆ ಆಗ್ತಿತ್ತಾ ಅವರಿಂದ?"

"ಇಲ್ಲ ಮೇಡಂ. ನೋಡ್ತಿದ್ದಾರೆ ಅಂತ ಜನ ನಂಬಿದರೆ ಸಾಕಾಗ್ತಿತ್ತು."

"ಅದು ಪುಸ್ತಕದ ಉತ್ತರ. ಒಬ್ಬ ಸಾಧಾರಣ ಹೆಂಗಸು, ಕೆಟ್ಟವಳಲ್ಲ, ಅವಳು ಯಾಕೆ ಬಾಯಿ ಬಿಡಲಿಲ್ಲ? ಅವಳ ಹೊಟ್ಟೆಯೊಳಗೆ ಆಗ ಏನಿತ್ತು? ಅದು ಬೇಕು ನನಗೆ." ದೀಪಶ್ರೀ ಬರೀ ಹೂಂ ಎಂದಳು. "ಏನಮ್ಮ, ದನಿ ಸರಿ ಇಲ್ಲ. ಏನಾಯ್ತು?"

ಮೆಟ್ಟಿಲ ಕಡೆಯಿಂದ ಒಂದು ಸದ್ದು. ಹಲಗೆ ಬಿಸಿಲಿಗೆ ಬಿರಿದದ್ದೇ ಇರಬಹುದು. ಅವಳು ದನಿ ತಗ್ಗಿಸಿದಳು.

"ನೆಟ್‌ವರ್ಕ್ ಸರಿ ಇಲ್ಲ ಮೇಡಂ. ಆಮೇಲೆ ಮಾಡ್ತೀನಿ."

ಬಾಗಿಲು ತೆರೆದು ನೋಡಿದಳು. ಯಾರೂ ಇರಲಿಲ್ಲ. ಆದರೂ ಬಾಗಿಲಿಗೆ ಅಗುಳಿ ಹಾಕಿದಳು.

ಊಟದ ಹೊತ್ತಿಗೆ ಅಡುಗೆಮನೆಗೆ ಇಳಿದಳು. ಅತ್ತೆ ರುಕ್ಮಿಣಮ್ಮ ಕಿಟಕಿಯ ಬಳಿ ನಿಂತಿದ್ದರು. ಕೈಯಲ್ಲಿ ನೀರಿನ ಚೊಂಬು. ಕಿಟಕಿಯಿಂದ ಕಣ ನೇರ ಕಾಣುತ್ತದೆ. ತಂಗಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಸೆರಗು ತಲೆಗೆ ಹೊದ್ದಿದ್ದಳು.

"ನೀರಾದ್ರೂ ಕೊಡಬಹುದಿತ್ತು," ಎಂದರು ಅತ್ತೆ, ಕಿಟಕಿಗೆ ಹೇಳುವ ಹಾಗೆ.

"ಕೊಟ್ಟು ಬರ್ಲಾ ಅತ್ತೆ?"

"ಅವರನ್ನ ಕೇಳ್ದೆನಾ?" ರುಕ್ಮಿಣಮ್ಮ ಚೊಂಬನ್ನು ಕಟ್ಟೆಯ ಮೇಲಿಟ್ಟರು. ಮತ್ತೆ ಎತ್ತಿದರು. ಮತ್ತೆ ಇಟ್ಟರು. "ರಾಜೀವ ಹುಟ್ಟಿದಾಗ ಅವಳೇ ನಂಗೆ ಬಾಣಂತನದಲ್ಲಿ ನೀರು ಹಾಕಿದ್ದು. ಹದಿನೈದು ವರ್ಷದ ಮದುಮಗಳು ಆಗ. ಕೈ ಎಷ್ಟು ಮೆತ್ತಗಿತ್ತು ಅಂತೀಯ."

"ಮಾವನಿಗೆ ನೀವಾದ್ರೂ ಒಂದು ಮಾತು ಹೇಳಿ. ಹೆದರಿಕೆನಾ ಅತ್ತೆ?"

ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. "ಹೆದರಿಕೆ ಅಂತಲ್ಲ ಮಗಾ," ಎಂದರು. "ಅಭ್ಯಾಸ."

ಸಾರಿನ ಪಾತ್ರೆಯಿಂದ ಮೆಣಸಿನ ಘಾಟು ಏಳುತ್ತಿತ್ತು. ದೀಪಶ್ರೀಗೆ ಒಂದು ತುತ್ತೂ ಇಳಿಯಲಿಲ್ಲ. ತಟ್ಟೆ ತೊಳೆದಿಟ್ಟು ಮೇಲೆ ಬಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಚೊಂಬು ಹಾಗೇ ಇತ್ತು.

ಏನಾದರೂ ಮಾಡುತ್ತಿರಬೇಕು ಎಂದು ಎಡಗಡೆಯ ಚಿತ್ರವನ್ನು ನಿಂತಲ್ಲಿಂದ ಓಡಿಸಿದಳು. ಕೊನೆಯ ಭಾಗ. ಟೋಪಿಯ ಮನುಷ್ಯ ಮತ್ತೆ ಬಂದಿದ್ದಾನೆ. ಮೂರನೇ ಮಹಡಿಯಲ್ಲಿ ಒಬ್ಬ ಯುವಕ ಅಡಗಿದ್ದಾನೆ, ಆಫ್ರಿಕಾದ ವಸಾಹತುಗಳ ಯುದ್ಧಕ್ಕೆ ಹೋಗಲಾರೆನೆಂದು ತಪ್ಪಿಸಿಕೊಂಡವನು. ಬಾಗಿಲ ಹೆಂಗಸಿಗೆ ಅದು ಗೊತ್ತು. ಟೋಪಿಯವನು ಮೆಲ್ಲಗೆ ಕೇಳುತ್ತಾನೆ. ಅವಳು ಗುಡಿಸುವುದನ್ನು ನಿಲ್ಲಿಸುತ್ತಾಳೆ. ಇಷ್ಟು ವರ್ಷ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು ಅಂದು ಮೊದಲ ಬಾರಿಗೆ ಹೇಳುತ್ತಾಳೆ: ನನಗೆ ಗೊತ್ತಿಲ್ಲ, ಸ್ವಾಮಿ.

ದೀಪಶ್ರೀ ಚಿತ್ರ ನಿಲ್ಲಿಸಿದಳು. ಈ ದೃಶ್ಯವನ್ನು ಎಷ್ಟೋ ಸಲ ನೋಡಿದ್ದಳು, ಇದರ ಬಗ್ಗೆ ಎರಡು ಪುಟ ಬರೆದಿದ್ದಳು, ಧೈರ್ಯ ಎಂಬ ಪದವನ್ನು ಬಳಸಿದ್ದಳು. ಬೆಳಿಗ್ಗೆ ಜಗಲಿಯಲ್ಲಿ ತಾನು ಹೇಳಿದ್ದೂ ಅದೇ ಮಾತು. ಅಲ್ಲಿ ಆ ಮಾತು ಒಬ್ಬನನ್ನು ಉಳಿಸಿತು. ಇಲ್ಲಿ ಅದೇ ಮಾತು ಒಬ್ಬಳನ್ನು ಬಿಸಿಲಿಗೆ ನಿಲ್ಲಿಸಿತು. ಇಲ್ಲಿಯ ಟೋಪಿಯವನಿಗೆ ಬೇಕಾಗಿದ್ದ ಉತ್ತರವನ್ನು ಕೊಟ್ಟವಳು ತಾನು.

ಬಲಗಡೆ ತಂಗಮ್ಮ ಒಮ್ಮೆ ವಾಲಿದಳು. ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಹಿಡಿಯಲು ಏನೂ ಇರಲಿಲ್ಲ. ಮತ್ತೆ ನೆಟ್ಟಗಾದಳು. ಅವಳ ನೆರಳು ಅವಳ ಕಾಲಡಿಯಲ್ಲೇ ಮುದ್ದೆಯಾಗಿತ್ತು. ಅವಳು ಹೆಸರು ಹೇಳುವುದಿಲ್ಲ ಎಂದು ದೀಪಶ್ರೀಗೆ ಆಗ ಖಚಿತವಾಯಿತು. ಬೀಳುತ್ತಾಳೆ, ಆದರೆ ಹೇಳುವುದಿಲ್ಲ. ಬಿದ್ದರೂ ಯಾರೂ ಮುಟ್ಟಿರುವುದಿಲ್ಲ.

ಅವಳು ಎದ್ದಳು. ಧೈರ್ಯ ಬಂದಿತ್ತೆಂದಲ್ಲ. ಕಟಾಂಜನವನ್ನು ಬಿಗಿಯಾಗಿ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ಅರ್ಧದಲ್ಲಿ ನಿಂತು ವಾಪಸ್ ಹೋಗೋಣವೆಂದುಕೊಂಡಳು. ಏಪ್ರಿಲ್ ಕಳೆಯಲಿ, ಹೋಗಿ ಬಂದು ಹೇಳಿದರಾಯಿತು. ರಾಜೀವನೂ ಹೀಗೆಯೇ ನಾಳೆ ನಾಳೆ ಎಂದಿದ್ದ.

ಮಂಜಯ್ಯನವರು ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಹಾಲೇಶ್ ಮೆಟ್ಟಿಲ ಮೇಲೆ ಕುಳಿತಿದ್ದವನು ಅವಳನ್ನು ಕಂಡು ಎದ್ದ.

"ಮಾವ, ರಾಜೀವ್ ಹೇಳಿದ್ದು ನಿಜ," ಎಂದಳು. ದನಿ ತನ್ನದಲ್ಲವೆನ್ನಿಸಿತು, ತೆಳ್ಳಗೆ, ಒಡೆದ ಹಾಗೆ. "ಬಳ್ಳಿ ಬುಡದಲ್ಲಿ ಬಿದ್ದಿದ್ದು ಆಯ್ಕೊಳ್ಳಿ ಅಂತ ಹೆಂಗಸರಿಗೆಲ್ಲ ಹೇಳಿದ್ರು. ಇದೇ ಕಣದ ಹತ್ರ. ನಾನು ಪಕ್ಕದಲ್ಲಿದ್ದೆ. ನಿಮಗೆ ಹೇಳ್ತೀನಿ ಅಂದಿದ್ರು. ಹೇಳೋದು ಆಗ್ಲಿಲ್ಲ."

ಅಡಿಕೆ ಅಗಿಯುತ್ತಿದ್ದ ದವಡೆ ನಿಂತಿತು.

"ಸಣ್ಣಮ್ಮಾವ್ರಿಗೆ ಪಾಪ ಅನ್ನಿಸಿರಬೇಕು," ಎಂದ ಹಾಲೇಶ್. "ಬೆಳಿಗ್ಗೆ ಗೊತ್ತಿಲ್ಲ ಅಂದ್ರಲ್ಲ."

"ನೀನು ಬಾಯಿ ಮುಚ್ಚು," ಎಂದರು ಮಂಜಯ್ಯನವರು, ಅವನ ಕಡೆ ತಿರುಗದೆ. "ಬೆಳಿಗ್ಗೆ ಯಾಕೆ ಗೊತ್ತಿಲ್ಲ ಅಂದೆ?"

"ಹೆದರಿಕೆಗೆ."

"ಯಾರ ಹೆದರಿಕೆ? ಇವನದಾ?"

"ನಿಮ್ಮದು ಮಾವ."

ಕಣದ ಆಚೆ ಸಿಲ್ವರ್ ಓಕ್ ಎಲೆಗಳು ಗಾಳಿಗೆ ಬೆಳ್ಳಗೆ ಮಗುಚಿಕೊಂಡವು. ಮಂಜಯ್ಯನವರು ಅವಳ ಕಡೆಗೇ ನೋಡುತ್ತಿದ್ದರು, ಆದರೆ ಆ ಕಣ್ಣಿಗೆ ಎಷ್ಟು ಕಾಣುತ್ತಿತ್ತೋ ಗೊತ್ತಾಗಲಿಲ್ಲ. ಮುಖದಲ್ಲಿ ಸಿಟ್ಟಿದೆಯೋ, ನೋವಿದೆಯೋ, ಅವಳು ಹುಡುಕಿದಳು. ಯಾವುದೂ ಸಿಗಲಿಲ್ಲ. ಅದೇ ಹೆಚ್ಚು ಹೆದರಿಸಿತು. ಮಾತಾಡಿದ್ದರೆ ಚೆನ್ನಾಗಿತ್ತು. ಕೂಗಿದ್ದರೂ ಚೆನ್ನಾಗಿತ್ತು.

"ನನ್ನ ಮಗನಿಗೂ?" ಎಂದರು ಕೊನೆಗೆ. "ಅವನೂ ಅದಕ್ಕೇ ಹೇಳ್ಲಿಲ್ವಾ?"

ಅವಳು ಗೋಡೆಯ ಮೇಲಿನ ಫೋಟೋ ನೋಡಿದಳು.

ಮಂಜಯ್ಯನವರು ಕುರ್ಚಿಯ ಕೈ ಹಿಡಿದು ಎದ್ದರು. ಬಾಗಿಲ ಚೌಕಟ್ಟನ್ನು ತಡವಿ ಒಳಗೆ ಹೋದರು. ಕಣದವಳ ಬಗ್ಗೆ ಇರು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹಾಲೇಶ್ ಒಳಗೂ ಹೊರಗೂ ನೋಡಿದ. ಅಪ್ಪಣೆ ಯಾವ ಕಡೆಯಿಂದ ಬರುತ್ತದೆ ಎಂದು ತಿಳಿಯದವನ ಹಾಗೆ ಕಂಬದ ಹತ್ತಿರವೇ ಉಳಿದ.

ದೀಪಶ್ರೀ ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲಿನ ಚೊಂಬು ತೆಗೆದುಕೊಂಡಳು. ರುಕ್ಮಿಣಮ್ಮ ಗೋಡೆಗೆ ಅಂಟಿ ನಿಂತಿದ್ದರು. ಎಲ್ಲ ಕೇಳಿಸಿತ್ತು ಅವರಿಗೆ. ತಡೆಯಲಿಲ್ಲ. ಅವಳ ಜೊತೆ ಬರಲೂ ಇಲ್ಲ.

ಕಣದ ಅಂಚಿನಲ್ಲಿ ತಂಗಮ್ಮನ ಚಪ್ಪಲಿಯ ಪಕ್ಕದಲ್ಲಿ ಅವಳೂ ಚಪ್ಪಲಿ ಬಿಟ್ಟಳು. ಮೊದಲ ಹೆಜ್ಜೆಗೇ ಸಿಮೆಂಟು ಅಂಗಾಲನ್ನು ಸುಟ್ಟಿತು. ಕಣ್ಣಲ್ಲಿ ನೀರು ಚಿಮ್ಮಿತು. ಎಷ್ಟೋ ತಿಂಗಳಿಂದ ಬಿಸಿ ಎನ್ನುವುದು ಅವಳಿಗೆ ಬಿಸಿಯಾಗಿ ತಾಗಿದ್ದು ಅದೇ ಮೊದಲು. ಬೆಳಿಗ್ಗೆಯಿಂದ ಇದರ ಮೇಲೆ ನಿಂತಿದ್ದಾಳೆ ಇವಳು ಎಂದುಕೊಂಡಳು.

"ಕೂತ್ಕೋ ತಂಗಮ್ಮ."

"ಅಯ್ಯ ಹೇಳಿದ್ರಾ?"

"ಇಲ್ಲ. ನಾನು ಹೇಳ್ತಿದ್ದೀನಿ."

ತಂಗಮ್ಮ ಜಗಲಿಯ ಖಾಲಿ ಕುರ್ಚಿಯನ್ನು ನೋಡಿದಳು. ಕೂರಲು ಹೋದಳು, ಮೊಣಕಾಲು ಮಡಚಲಿಲ್ಲ. ದೀಪಶ್ರೀ ಅವಳ ಕಂಕುಳಿಗೆ ಕೈ ಕೊಟ್ಟು, ಕಾಫಿ ಸರಿಸಿ, ಒಣಗಿದ ಹಣ್ಣಿನ ರಾಶಿಯ ಮೇಲೇ ಮೆಲ್ಲಗೆ ಕೂರಿಸಿದಳು. ಅರ್ಧ ಚೊಂಬು ನೀರು ಕುಡಿದು, ಉಳಿದದ್ದನ್ನು ತಂಗಮ್ಮ ತನ್ನ ಪಾದಕ್ಕೆ ಸುರಿದುಕೊಂಡಳು. ಪಾದ ಬಾತು ಹೊಳೆಯುತ್ತಿತ್ತು.

"ಎಲ್ಲ ಹೇಳಿದ್ರಾ ಸಣ್ಣಮ್ಮಾ?"

"ಹೇಳಿದೆ."

"ಯಾಕ್ ಹೇಳೋಕ್ ಹೋದ್ರಿ? ಸ್ಟೇಷನ್ ಅನ್ನೋದೆಲ್ಲ ಬರೀ ಮಾತು, ಸಂಜೆ ತಂಕ ನಿಂತಿದ್ರೆ ಬಿಡ್ತಿದ್ರು ನನ್ನ." ಅವಳ ದನಿಯಲ್ಲಿ ಬಿಡುಗಡೆಯಾದವಳ ಸಮಾಧಾನ ಇರಲಿಲ್ಲ, ಬೈಗುಳವಿತ್ತು. "ನಂದು ಒಂದು ದಿನ. ನೀವು ಆ ಮನೆ ಒಳಗೆ ಇರ್ಬೇಕಾದೋರು."

ಕಂಬದ ಮೇಲೆ ಕ್ಯಾಮೆರಾದ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಮಹಡಿಯ ಪರದೆಯಲ್ಲಿ ಈಗ ಇಬ್ಬರು ಹೆಂಗಸರು ಕಾಣುತ್ತಿರಬೇಕು. ಎಡಗಡೆ ಬಾಗಿಲ ಹೆಂಗಸು ಪೊರಕೆ ಹಿಡಿದು ನಿಂತಿರಬೇಕು. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ.

ಒಳಗಿನಿಂದ ಬೀಗದ ಕೈಗೊಂಚಲಿನ ಸದ್ದು ಬಂತು. ಮಂಜಯ್ಯನವರು ಕಾಣದ ಕಣ್ಣಿನಲ್ಲಿ ಒಂದೊಂದೇ ಕೀಲಿ ಹಾಕಿ ನೋಡುತ್ತಿದ್ದರು. ಒಂದು ಹೊಂದಲಿಲ್ಲ. ಇನ್ನೊಂದು ಹೊಂದಲಿಲ್ಲ. ಆಮೇಲೆ ಕಬ್ಬಿಣದ ಬೀರುವಿನ ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಅವರು ಏನು ತೆಗೆಯಲು ಹೋದರು, ಮಗನ ಗಡಿಯಾರವನ್ನೋ, ಅವಳ ಪಾಸ್‌ಪೋರ್ಟನ್ನೋ, ಕೊಡಲೋ, ಕೊಡದಿರಲೋ, ಒಂದೂ ಗೊತ್ತಾಗಲಿಲ್ಲ.

ತಂಗಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. ಒಳಗಿನಿಂದ ಚಪ್ಪಲಿಯ ಸದ್ದು ನಡುಮನೆ ದಾಟಿ ಜಗಲಿಯ ಕಡೆಗೆ ಬರುತ್ತಿತ್ತು. ದೀಪಶ್ರೀ ಏಳಲಿಲ್ಲ. ಸುಡುವ ಪಾದವನ್ನು ಸೀರೆಯೊಳಗೆ ಎಳೆದುಕೊಂಡು, ಬಾಗಿಲನ್ನೇ ನೋಡುತ್ತ ಕುಳಿತಳು.